ಜಾತ್ರೆಗೆ ಹದಿನಾರು ಮಂದಿ ಬರ್ತಾರೆ!

ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮುಂಗೈಗೆ ಸಿಮೆಂಟ್ ಪಟ್ಟಿ ಹಾಕಿಸಿಕೊಂಡು ಆಸ್ಪತ್ರೆಯಿಂದ ಬಂದ ಅವ್ವ, ಕಟ್ಟೆಯ ಮೇಲೆ ಕೂತು ಮೊದಲು ಆಡಿದ್ದು ನೋವಿನ ಮಾತಲ್ಲ.

‘ಜಾತ್ರಿಗೆ ಇನ್ನ ಇಪ್ಪತ್ತು ದಿನ ಐತಿ. ಈ ಸಲ ಬೀಗರು ಬರ್ತಾರ. ಹೆಂಗ ಮಾಡೋದು?’

ಅಪ್ಪ ನೀರಿನ ಚೊಂಬು ಕೊಡುತ್ತಾ ಸಮಾಧಾನ ಹೇಳಿದರು: ‘ತಂಗಿ ಅದಾಳಲ್ಲ, ಮಾಡ್ತಾಳ ಬಿಡು.’

ಒಳಗೆ ಓದುತ್ತಾ ಕೂತಿದ್ದ ತಂಗಿಗೆ ಅದು ಕೇಳಿಸಿತು. ಅವಳು ಏನೂ ಅನ್ನಲಿಲ್ಲ. ಪುಸ್ತಕ ಮುಚ್ಚಿಟ್ಟು ಎದ್ದು ಬಂದು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು.

ಅದು 2025ರ ಫೆಬ್ರುವರಿ ಕೊನೆಯ ವಾರ. ದ್ವಿತೀಯ ಪಿಯು ಪರೀಕ್ಷೆ–1 ಶುರುವಾಗುವುದು ಮಾರ್ಚ್ 1ಕ್ಕೆ, ಮುಗಿಯುವುದು 20ಕ್ಕೆ. ಹೋಳಿ ಹುಣ್ಣಿಮೆ ಬಂದಿದ್ದು 14ರ ಆಸುಪಾಸಿಗೆ, ಅಂದರೆ ಪರೀಕ್ಷೆಯ ನಟ್ಟನಡುವೆ. ತಂಗಿ ವಿಜ್ಞಾನ ವಿದ್ಯಾರ್ಥಿನಿ. ಅವಳ ವೇಳಾಪಟ್ಟಿ ಗೋಡೆಯ ಮೇಲೆ, ದೊಡ್ಡಬಸವೇಶ್ವರನ ಕ್ಯಾಲೆಂಡರ್ ಪಕ್ಕದಲ್ಲೇ ನೇತಾಡುತ್ತಿತ್ತು. ಎರಡನ್ನೂ ಒಟ್ಟಿಗೆ ನೋಡಿದವರು ಮನೆಯಲ್ಲಿ ಯಾರೂ ಇರಲಿಲ್ಲ. ಇನ್ನು ನಾನು. 2023ರಲ್ಲಿ ಬಿ.ಎ. ಮುಗಿಸಿ, ಪಿಡಿಒ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಾ ಮನೆಯಲ್ಲೇ ಇದ್ದೆ. ಎರಡೂ ಕೈ ಗಟ್ಟಿಮುಟ್ಟಾಗಿದ್ದವು. ಆದರೂ ಅಪ್ಪನ ಬಾಯಲ್ಲಿ ನನ್ನ ಹೆಸರು ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ನನ್ನ ಹೆಸರು ನೆನಪಾಗಲಿಲ್ಲ. ತಂಗಿ ಚಹಾ ತಂದು ಕೊಟ್ಟಾಗ ಲೋಟ ತೆಗೆದುಕೊಂಡೆ. ಅರ್ಧ ಕುಡಿದ ಮೇಲೆ ಗಂಟಲಲ್ಲಿ ಇಳಿಯಲಿಲ್ಲ.

‘ನಾ ಮಾಡ್ತೀನಿ’ ಅಂದೆ.

ಅಪ್ಪ ನಕ್ಕರು. ಅವ್ವ ನಗಲಿಲ್ಲ. ‘ಏನ್ ಮಾಡ್ತೀಯಪ್ಪಾ, ನಿನಗೇನ್ ಗೊತ್ತೈತಿ?’ ಅಂದಳು. ಅದು ಮೂದಲಿಕೆಯಲ್ಲ, ನಿಜವಾದ ಪ್ರಶ್ನೆ.

ಬಸ್ ಚಾರ್ಜ್ ಇಲ್ಲಲ್ಲ, ಎಲ್ರೂ ಬರ್ತೀವಿ!

ನಮ್ಮೂರು ಕುರುಗೋಡಿನಿಂದ ನಾಲ್ಕು ಕಿಲೋಮೀಟರ್. ಕುರುಗೋಡು ಅಂದರೆ ಏಕಶಿಲೆಯ ದೊಡ್ಡ ಬಸವಣ್ಣ. ಹೋಳಿ ಹುಣ್ಣಿಮೆ ಹೊತ್ತಿಗೆ ನಡೆಯುವ ದೊಡ್ಡಬಸವೇಶ್ವರನ ತೇರಿಗೆ ಸುತ್ತಲಿನ ಹಳ್ಳಿಗಳಲ್ಲಿ ನೆಂಟರಿಲ್ಲದ ಮನೆಯೇ ಇರುವುದಿಲ್ಲ. ಬಳ್ಳಾರಿಯವರಿಗೆ ಕನಕದುರ್ಗಮ್ಮನ ಸಿಡಿಬಂಡಿ ಹೇಗೋ ನಮಗೆ ಇದು ಹಾಗೆ. ಅವರ ಹಬ್ಬಕ್ಕೆ ನಾವು ಹೋಗಬೇಕು, ನಮ್ಮ ಜಾತ್ರೆಗೆ ಅವರು ಬರಬೇಕು. ದೀಪಾವಳಿಗೆ ಬಾರದಿದ್ದರೂ ನಡೆಯುತ್ತದೆ, ಜಾತ್ರೆಗೆ ಬಾರದಿದ್ದರೆ ಮಾತು ಬಿಟ್ಟಂತೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮನೆಗೆ ಬರುವವರ ಸಂಖ್ಯೆ ಇನ್ನೂ ಹೆಚ್ಚಿದೆ. ಮೊದಲು ಸಿರುಗುಪ್ಪದಿಂದ ದೊಡ್ಡವ್ವ ಒಬ್ಬಳೇ ಬರುತ್ತಿದ್ದಳು. ಈಗ ಫೋನ್ ಮಾಡಿ, ‘ಬಸ್ ಚಾರ್ಜ್ ಇಲ್ಲಲ್ಲ, ಸೊಸೆಗಳ್ನೂ ಕರ್ಕೊಂಡು ಎಲ್ರೂ ಬರ್ತೀವಿ’ ಅನ್ನುತ್ತಾಳೆ. ಕೇಳಲು ಸಂತೋಷವೇ. ಅವಳ ಸೊಸೆಯರು ಮದುವೆಯಾಗಿ ಆರು ವರ್ಷಕ್ಕೆ ಮೊದಲ ಸಲ ನಮ್ಮ ಮನೆ ನೋಡಿದ್ದು ಆ ಉಚಿತ ಬಸ್ಸಿನಿಂದ.

ಆ ವರ್ಷದ ಪಟ್ಟಿ ಹೀಗಿತ್ತು: ಸಿರುಗುಪ್ಪದ ದೊಡ್ಡವ್ವ, ಇಬ್ಬರು ಸೊಸೆಯರು, ಇಬ್ಬರು ಮೊಮ್ಮಕ್ಕಳು. ಬಳ್ಳಾರಿಯಿಂದ ಅತ್ತಿಯ ಮನೆಯ ನಾಲ್ವರು. ಆದೋನಿಯಿಂದ ಸೋದರಮಾವ, ಅವರ ಹೆಂಡತಿ. ಇವರ ಜತೆಗೆ ಹಿಂದಿನ ವರ್ಷ ಮದುವೆಯಾದ ಅಕ್ಕ, ಭಾವ, ಬೀಗರು, ಬೀಗಿತ್ತಿ, ಭಾವನ ತಂಗಿ. ಒಟ್ಟು ಹದಿನಾರು. ಬೀಗರು ಜಾತ್ರೆಗೆ ಬರುವುದು ಇದೇ ಮೊದಲು. ಎರಡು ರಾತ್ರಿ ಇರುವವರು. ನಮಗಿರುವುದು ಒಂದು ಪಡಸಾಲೆ, ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ, ಬಚ್ಚಲು.

ನಾನು ಆ ವಾರ ಬಳ್ಳಾರಿಗೆ ಹೋಗಿ ಗೆಳೆಯನ ರೂಮಿನಲ್ಲಿ ಅಡಗಿಕೊಳ್ಳಬೇಕೆಂದಿದ್ದೆ. ಕೆಲಸ ಹುಡುಕುತ್ತಿರುವ ಯಾರಿಗೂ ಇದರ ಕಾರಣ ವಿವರಿಸಬೇಕಾಗಿಲ್ಲ. ಹದಿನಾರು ಮಂದಿ ಅಂದರೆ ಹದಿನಾರು ಸಲ, ‘ಮತ್ತೇನ್ ಮಾಡಾಕತ್ತೀಯಪ್ಪಾ ಈಗ?’

ಅವ್ವನ ತಲೆಯೊಳಗಿನ ಪಟ್ಟಿ

ಮರುದಿನ ಬೆಳಿಗ್ಗೆ ಪ್ರಚಲಿತ ಘಟನೆಗಳ ನೋಟ್‌ಬುಕ್ ತಿರುಗಿಸಿ ಹಿಂದಿನ ಪುಟ ತೆಗೆದೆ. ‘ಅವ್ವ, ನೀ ಪ್ರತಿ ವರ್ಷ ಏನೇನ್ ಮಾಡ್ತೀಯೋ ಹೇಳು, ಬರ್ಕೊಂತೀನಿ’ ಅಂದೆ. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಒಂದೂಕಾಲು ಗಂಟೆ ಆಯಿತು. 64 ಸಾಲು.

ಜೇಡರ ಬಲೆ ತೆಗೆಯುವುದು, ಸುಣ್ಣ ಹಚ್ಚುವುದು, ಹೊಸ್ತಿಲಿಗೆ ಕೆಮ್ಮಣ್ಣು ಬಳಿಯುವುದು, ಇವು ನನಗೆ ಗೊತ್ತಿದ್ದವು. ಗೊತ್ತಿಲ್ಲದವು ಹೀಗಿದ್ದವು: ದೊಡ್ಡವ್ವನಿಗೆ ಮೊಣಕಾಲು ನೋವು, ಕೆಳಗೆ ಕೂರಲು ಆಗುವುದಿಲ್ಲ, ಪಕ್ಕದ ಮನೆಯಿಂದ ಕುರ್ಚಿ ಕೇಳಿಡುವುದು. ಬಳ್ಳಾರಿ ಅತ್ತಿಯ ಗಂಡನಿಗೆ ಸಕ್ಕರೆ ಕಾಯಿಲೆ, ಅವರ ಚಹಾದ ಪಾತ್ರೆ ಬೇರೆ. ಆದೋನಿ ಮಾವನಿಗೆ ಬೆಳಿಗ್ಗೆ ವಗ್ಗರಣಿ ಮಿರ್ಚಿ ಇಲ್ಲದಿದ್ದರೆ ಊಟವೇ ಮಾಡಿದಂತಾಗುವುದಿಲ್ಲ, ಮಂಡಕ್ಕಿ ಒಂದು ದಿನ ಮೊದಲೇ ತಂದರೆ ಮೆತ್ತಗಾಗುತ್ತದೆ, ಅವತ್ತೇ ತರುವುದು. ಸಣ್ಣ ಮಕ್ಕಳು ಬರುತ್ತಾರೆ, ಇಲಿ ಪಾಷಾಣ ಅಟ್ಟದ ಮೇಲಿಡುವುದು. ಮೂರನೇ ಸಾಲು: ‘ಬಚ್ಚಲ ಬಾಗಿಲ ಚಿಲಕ.’

ನಮ್ಮ ಬಚ್ಚಲಿಗೆ ಚಿಲಕ ಮುರಿದು ಎರಡು ವರ್ಷವಾಗಿತ್ತು. ಒಳಗಿದ್ದವರು ಕೆಮ್ಮುವುದು, ಹೊರಗಿನವರು ಹಿಂದೆ ಸರಿಯುವುದು ನಮಗೆ ರೂಢಿಯಾಗಿತ್ತು. ಇಷ್ಟು ಸಣ್ಣದು ಮೂರನೇ ಸಾಲಿನಲ್ಲಿ ಯಾಕೆ ಎಂದು ಅದನ್ನು ಕೊನೆಗೆ ತಳ್ಳಿದೆ.

ಎರಡು ದಿನಕ್ಕೆ ಅಕ್ಕ ಫೋನ್ ಮಾಡಿದಳು. ನಾನು ಉತ್ಸಾಹದಿಂದ ಗೋಡೆಗೆ ಯಾವ ಬಣ್ಣ ಎಂದು ಕೇಳಿದರೆ ಅವಳು ಮೆಲ್ಲಗೆ, ‘ಬಣ್ಣ ಇರ್ಲಿ. ಮೊದ್ಲು ಆ ಬಚ್ಚಲ ಚಿಲಕ ಹಾಕ್ಸೋ ತಮ್ಮಾ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಕಕ್ಕಸಿನ್ಯಾಗ ಲೈಟ್ ಸೈತ’ ಅಂದಳು. ಮದುವೆಯಾದ ಮೇಲೆ ಅವಳು ತವರಿಗೆ ಬಂದಾಗಲೆಲ್ಲ ಕತ್ತಲಾಗುವ ಮೊದಲೇ ಹೊರಟುಬಿಡುತ್ತಿದ್ದುದು ನೆನಪಾಯಿತು. ಸಂಜೆ ಬಸ್ ಸಿಗುವುದಿಲ್ಲ ಎಂದು ನಾವು ತಿಳಿದಿದ್ದೆವು. ಚಿಲಕಕ್ಕೆ 60 ರೂಪಾಯಿ. ಬಲ್ಬು, ಹೋಲ್ಡರ್, ವೈರಿಗೆ 120. ಅವತ್ತೇ ಹಾಕಿಸಿದೆ.

ಅದೇ ಫೆಬ್ರುವರಿ ಕೊನೆಯಲ್ಲಿ ಕೇಂದ್ರ ಸರ್ಕಾರದ 2024ರ ‘ಸಮಯ ಬಳಕೆ ಸಮೀಕ್ಷೆ’ ಪ್ರಕಟವಾಗಿತ್ತು. ಸ್ಪರ್ಧಾತ್ಮಕ ಪರೀಕ್ಷೆಗೆ ಬರಬಹುದೆಂದು ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ಬರೆದುಕೊಂಡಿದ್ದೆ: ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಪುರುಷರು 88 ನಿಮಿಷ. ಮುಂದಿನ ಪುಟದಲ್ಲಿ ಆ ಅಂಕಿ, ಹಿಂದಿನ ಪುಟದಲ್ಲಿ ಅವ್ವನ 64 ಸಾಲು. ನಮ್ಮ ಮನೆಯಲ್ಲಿ ಸಮೀಕ್ಷೆ ಮಾಡಿದ್ದರೆ ನನ್ನ ಹೆಸರಿನ ಮುಂದೆ 88 ಕೂಡ ಬರುತ್ತಿರಲಿಲ್ಲ.

ಮೊದಲು ಮೆಣಸಿನಕಾಯಿ ಚೀಲ

ಕೆಲಸ ಶುರು ಮಾಡಲು ಹೋದರೆ ಜಾಗವೇ ಇರಲಿಲ್ಲ. ಪಡಸಾಲೆಯಲ್ಲಿ 22 ಚೀಲ ಒಣ ಮೆಣಸಿನಕಾಯಿ. ಕುರುಗೋಡು, ಸಿರುಗುಪ್ಪ ಕಡೆಯವರಿಗೆ ಇದು ಗೊತ್ತಿರುವ ಸಂಗತಿಯೇ. ಫೆಬ್ರುವರಿ–ಮಾರ್ಚ್ ಅಂದರೆ ಕಣದಿಂದ ಮನೆಗೆ, ಮನೆಯಿಂದ ಬ್ಯಾಡಗಿಗೆ. 2024ರ ಮಾರ್ಚ್ 11ರಂದು ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿ ಬಿದ್ದಿತ್ತಲ್ಲ, ಆಮೇಲೆ ಅಪ್ಪ ಅವಸರದಲ್ಲಿ ಮಾರಲು ಒಪ್ಪುವುದಿಲ್ಲ. ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ದರ ನೋಡುವುದು, ‘ಇನ್ನೊಂದ್ ವಾರ ನೋಡೂಣು’ ಅನ್ನುವುದು.

ಚೀಲಗಳ ಮೇಲೆ ಬೀಗರನ್ನು ಮಲಗಿಸಲಾಗುತ್ತದೆಯೇ? ಮಾರುವುದೂ ಇಲ್ಲ, ಇಡಲು ಜಾಗವೂ ಇಲ್ಲ ಎಂದು ಎರಡು ದಿನ ವಾದವಾಯಿತು. ಕೊನೆಗೆ ಅಪ್ಪನೇ ದಾರಿ ಹುಡುಕಿದರು. ಹೊಲದ ಪಂಪ್‌ಸೆಟ್ ಕೋಣೆಗೆ ಚೀಲ ಸಾಗಿಸಿ, ಉಳಿದವನ್ನು ಹೊರಗೆ ತಾಡಪಾಲಿನಡಿ ಒಟ್ಟಿ, ಜಾತ್ರೆ ಮುಗಿಯುವವರೆಗೆ ರಾತ್ರಿ ತಾವೇ ಅಲ್ಲಿ ಮಲಗುವುದಾಗಿ ಹೇಳಿದರು. ಮಲಗಿದರು ಕೂಡ. ಮನೆಗೆಲಸದ ಪಟ್ಟಿಯಲ್ಲಿ ಅವರ ಹೆಸರು ಬಂದಿದ್ದು ಹಾಗೆ.

ಮೆಣಸಿನಕಾಯಿ ಇಟ್ಟ ಮನೆ ಸ್ವಚ್ಛ ಮಾಡುವವರಿಗೆ ಒಂದು ಮಾತು. ಚೀಲ ಎತ್ತಿದ ತಕ್ಷಣ ಒಣ ಪೊರಕೆ ಹಾಕಬೇಡಿ. ನಾನು ಹಾಕಿದೆ. ಘಾಟಿಗೆ ಇಡೀ ಓಣಿ ಕೆಮ್ಮಿತು, ತಂಗಿ ಪುಸ್ತಕ ಹಿಡಿದು ಬೀದಿಗೆ ಓಡಿದಳು. ಮೊದಲು ನೀರು ಚಿಮುಕಿಸಬೇಕು, ಒದ್ದೆ ಬಟ್ಟೆಯಿಂದ ಒರೆಸಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಆಮೇಲೆ ಜೇಡರ ಬಲೆ, ಆಮೇಲೆ ಸುಣ್ಣ, ಎಲ್ಲಕ್ಕಿಂತ ಕೊನೆಗೆ ನೆಲ. ನಾನು ಮೊದಲು ನೆಲ ತೊಳೆದು, ಆಮೇಲೆ ಸುಣ್ಣ ಬಳಿದು, ಮತ್ತೆ ಕಡಪ ಕಲ್ಲು ಕೆರೆಯುತ್ತಾ ಕೂತೆ. ಅವ್ವ ನೋಡುತ್ತಿದ್ದಳು. ‘ಹೇಳ್ಬಾರ್ದೇನು?’ ಅಂದೆ. ‘ನೀ ಕೇಳಿದ್ಯೇನು?’ ಅಂದಳು.

ಕೌದಿ ಒಗೆಯುವುದು ಇನ್ನೊಂದು ದೊಡ್ಡ ಕೆಲಸ. ಹಾಸಲು, ಹೊದೆಯಲು ಒಂಬತ್ತು ಕೌದಿ. ಊರಲ್ಲಿ ಎಲ್ಲರೂ ಕಾಲುವೆಗೆ ಒಯ್ಯುತ್ತಾರೆ. ಕಾಲುವೆಯ ಸಿಮೆಂಟ್ ದಡ ಪಾಚಿಗಟ್ಟಿ ಜಾರುತ್ತದೆ, ನೆನೆದ ಕೌದಿ ಕರುವಿನಷ್ಟು ಭಾರವಾಗಿ ನಮ್ಮನ್ನೇ ಒಳಗೆಳೆಯುತ್ತದೆ. ಈಗಾಗಲೇ ಮನೆಯಲ್ಲಿ ಒಂದು ಕೈ ಮುರಿದಿತ್ತು. ಗೆಳೆಯನೊಬ್ಬನನ್ನು ಕರೆದುಕೊಂಡು ಹೊಲದ ಬೋರ್‌ವೆಲ್ ನೀರಿಗೆ ಒಯ್ದು, ಬಂಡೆಯ ಮೇಲೆ ಹಾಕಿ ತುಳಿದು ಒಗೆದೆವು. ಮಾರ್ಚ್ ಬಿಸಿಲು ಬಳ್ಳಾರಿ ಜಿಲ್ಲೆಯಲ್ಲಿ ಇಷ್ಟಾದರೂ ಉಪಕಾರ ಮಾಡುತ್ತದೆ. ಸಂಜೆಯೊಳಗೆ ಒಂಬತ್ತೂ ಗರಿಗರಿ.

ತಲಾ 55 ಲೀಟರ್

ನಮ್ಮ ಓಣಿಗೆ ನಳದಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಮನೆಯ ನಾಲ್ವರಿಗೆ ಅದು ಸಾಕು. ಹದಿನಾರು ಮಂದಿ ಸೇರಿದರೆ?

ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಬೇಕು. ಇದನ್ನು ಎಷ್ಟೋ ಸಲ ಬಾಯಿಪಾಠ ಮಾಡಿದ್ದೆ, ಯಾವತ್ತೂ ಮನೆಗೆ ಹಚ್ಚಿ ನೋಡಿರಲಿಲ್ಲ. 20 ಮಂದಿಗೆ 55ರಂತೆ ದಿನಕ್ಕೆ 1,100 ಲೀಟರ್, ಎರಡು ದಿನಕ್ಕೆ 2,200. ನಮ್ಮ ಮಾಳಿಗೆ ಮೇಲಿನ ಟ್ಯಾಂಕ್ 500 ಲೀಟರಿನದು. ಹಂಡೆ, ಕೊಡ, ತೊಟ್ಟಿ ಎಲ್ಲ ತುಂಬಿದರೂ ಇನ್ನೊಂದು 300. ಅವ್ವ ಇದನ್ನು ಇಷ್ಟು ವರ್ಷ ಹೇಗೆ ನಿಭಾಯಿಸಿದಳು ಎಂದು ಕೇಳಿದೆ. ‘ನಸುಕಿನ್ಯಾಗ ಎದ್ದು ಪಕ್ಕದೋರ ಬೋರಿನಿಂದ ಹೊರ್ತಿದ್ದೆ’ ಅಂದಳು. ನಾವು ಏಳುವಷ್ಟರಲ್ಲಿ ಎಲ್ಲ ಕೊಡಗಳೂ ತುಂಬಿರುತ್ತಿದ್ದವು. ಅವು ತಾವಾಗಿಯೇ ತುಂಬಿಕೊಳ್ಳುತ್ತವೆ ಎಂಬಂತೆ ನಾನು ಹಲ್ಲುಜ್ಜಿಕೊಂಡು ಹೋಗುತ್ತಿದ್ದೆ.

900 ರೂಪಾಯಿ ಕೊಟ್ಟು 200 ಲೀಟರಿನ ಹಳೆಯ ಡ್ರಮ್ ತಂದು ತೊಳೆದು ಕಕ್ಕಸಿನ ಪಕ್ಕ ಇಟ್ಟೆ. ಪಕ್ಕದ ಮನೆಯ ಬೋರಿಗೆ ಪೈಪ್ ಜೋಡಿಸಿ ಎರಡು ಹೊತ್ತು ಟ್ಯಾಂಕ್ ತುಂಬಿಸಿಕೊಳ್ಳಲು ಮೊದಲೇ ಕೇಳಿಕೊಂಡೆ. ಅವರ ಮನೆಗೂ ನೆಂಟರು ಬರುತ್ತಾರಲ್ಲ, ಹೊತ್ತು ಹಂಚಿಕೊಂಡೆವು: ಅವರಿಗೆ ಬೆಳಿಗ್ಗೆ ಐದು, ನಮಗೆ ಆರೂವರೆ. ಕುಡಿಯಲು ಶುದ್ಧ ನೀರಿನ ಘಟಕದಿಂದ ಐದು ಕ್ಯಾನ್. ಕುಡಿಯುವ ನೀರಿಗೆ ಕೈ ಹಾಕದಂತೆ ನಳವಿರುವ ಸ್ಟೀಲ್ ಡಬ್ಬಿ, ಅದರ ಮೇಲೆ ಲೋಟ. ಜಾತ್ರೆಯ ದಿನಗಳಲ್ಲಿ ಮಕ್ಕಳಿಗೆ ವಾಂತಿಭೇದಿ ಆಗುವುದು ಹೆಚ್ಚಾಗಿ ನೀರಿನಿಂದಲೇ. ಒಆರ್‌ಎಸ್ ಪೊಟ್ಟಣ ನಾಲ್ಕು ತಂದಿಟ್ಟೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಮೂವತ್ತು ಸಾವಿರ ಮತ್ತು ಒಂಬತ್ತು ಸಾವಿರ

ಬೀಗರು ಬರುತ್ತಾರೆಂದು ಅಪ್ಪನ ಮನಸ್ಸಿನಲ್ಲಿ ಬೇರೆಯದೇ ಯೋಜನೆ ಇತ್ತು. ಗೋಡೆಗೆ ಡಿಸ್ಟೆಂಪರ್, ಹೊಸ ಸೋಫಾ, ಸೀರೆ, ಬಟ್ಟೆ. 30,000 ರೂಪಾಯಿ ಕೈಗಡ. ಮೆಣಸಿನಕಾಯಿ ಮಾರಿದ ಮೇಲೆ ತೀರಿಸುವುದು. ಬಡ್ಡಿ ನೂರಕ್ಕೆ ಮೂರು.

ಸರಳ ಬಡ್ಡಿಯ ಲೆಕ್ಕ ನಾನು ದಿನಾ ಮಾಡುವವನು. ತಿಂಗಳಿಗೆ 900. ದರ ಬಾರದೆ ವರ್ಷ ಕಳೆದರೆ 10,800. ಬರೀ ಬಡ್ಡಿ. ಇದನ್ನು ಅಪ್ಪನಿಗೆ ಹೇಳಿದಾಗ ಅವರಿಗೆ ಸಿಟ್ಟು ಬಂತು. ‘ಮರ್ಯಾದಿ ಪ್ರಶ್ನೆ ಐತಿ. ನಿನ್ನ ಅಕ್ಕ ಅಲ್ಲಿ ತಲಿ ಎತ್ಕೊಂಡು ಇರ್ಬೇಕು’ ಅಂದರು. ಅದು ಸುಳ್ಳಲ್ಲ. ಹೆಣ್ಣು ಕೊಟ್ಟ ಮನೆಯವರ ಭಯ ಎಂಥದ್ದೆಂದು ಆ ಮಾತಿನಲ್ಲಿ ಗೊತ್ತಾಯಿತು. ನಾನು ವಾದಿಸಲಿಲ್ಲ. ಅಕ್ಕನಿಗೇ ಫೋನ್ ಹಚ್ಚಿ ಅಪ್ಪನ ಕೈಗೆ ಕೊಟ್ಟೆ. ಅವಳು, ‘ಅಪ್ಪಾ, ಅವರ ಮನ್ಯಾಗೂ ಸೋಫಾ ಇಲ್ಲ. ಸಾಲ ಮಾಡಿ ತಂದೀರಂತ ಗೊತ್ತಾದ್ರ ನನಗ ನಾಚ್ಕಿ’ ಅಂದಳಂತೆ. ಆ ಮಾತು ಅಲ್ಲಿಗೆ ನಿಂತಿತು.

ಯುವನಿಧಿಯ ತಿಂಗಳ 3,000 ರೂಪಾಯಿಯಲ್ಲಿ ಮೂರು ತಿಂಗಳದ್ದು ಕೋಚಿಂಗ್‌ಗೆಂದು ಉಳಿಸಿದ್ದೆ. ಅದನ್ನು ತೆಗೆದೆ. ಖರ್ಚಿನ ಪಟ್ಟಿ: ಸುಣ್ಣ, ಕುಂಚ, ಕೆಮ್ಮಣ್ಣು 450. ಚಿಲಕ 60. ಬಲ್ಬು, ವೈರು 120. ಡ್ರಮ್ 900. ಶಾಮಿಯಾನ ಅಂಗಡಿಯಿಂದ ಹತ್ತು ಗಾದಿ ಬಾಡಿಗೆ 400. ಕಿರಾಣಿ, ತರಕಾರಿ, ಹಾಲು 5,200. ರೊಟ್ಟಿ 1,400. ಬೀಗಿತ್ತಿಗೆ ಉಡಿ ತುಂಬಲು ಸೀರೆ, ಕುಬಸ 1,200. ಒಟ್ಟು 9,730. ಮೇಲಿನ 730 ಅಪ್ಪ ಕೊಟ್ಟರು. ಅಕ್ಕಿ ಕೊಳ್ಳಲಿಲ್ಲ. ದೊಡ್ಡವ್ವ ಬರುವಾಗಲೆಲ್ಲ ಸಿರುಗುಪ್ಪದ ಸೋನಾ ಮಸೂರಿ ಅರ್ಧ ಚೀಲ ಹೊತ್ತುಕೊಂಡೇ ಬರುತ್ತಾಳೆ.

ರೊಟ್ಟಿಯ 1,400 ರೂಪಾಯಿಗೆ ಮತ್ತೊಂದು ಜಗಳ. ‘ದುಡ್ಡು ಕೊಟ್ಟು ರೊಟ್ಟಿ ತರ್ತಾರೇನು ಜಾತ್ರಿಗೆ? ಊರಾಗ ಯಾರರ ಕೇಳಿದ್ರ ಏನ್ ಹೇಳೋದು?’ ಅಂದಿದ್ದು ಅಪ್ಪ ಅಲ್ಲ, ಅವ್ವ. ಕಡಕ್ ರೊಟ್ಟಿ ಬಡಿಯುವುದು ಅವಳ ಹೆಮ್ಮೆ. 200 ರೊಟ್ಟಿ ಬೇಕು. ಒಂದಕ್ಕೆ ಮೂರು ನಿಮಿಷ ಹಿಡಿದರೂ 600 ನಿಮಿಷ. ‘ಹತ್ತು ತಾಸು ಅವ್ವ. ನಿನ್ನ ಕೈ ಮುರಿದೈತಿ. ನನಗ ಬರಂಗಿಲ್ಲ. ಹತ್ತು ತಾಸು ಯಾರದು?’ ಅಂದೆ. ಅವ್ವ ತಂಗಿ ಕೂತಿದ್ದ ಕೋಣೆಯ ಕಡೆ ನೋಡಿದಳು. ಆಮೇಲೆ, ‘ಏಳು ರೂಪಾಯಿಗೆ ಒಂದರ ಮ್ಯಾಲೆ ಕೊಡಬ್ಯಾಡ’ ಅಂದಳು. ಕುರುಗೋಡಿನಲ್ಲಿ ರೊಟ್ಟಿ ಮಾಡಿ ಮಾರುವ ಹೆಂಗಸರಿಗೆ ವಾರ ಮೊದಲೇ ಹೇಳಿ ತರಿಸಿದೆವು.

ತಂಗಿಯ ಕೋಣೆ

64 ಸಾಲುಗಳಲ್ಲಿ ಇಲ್ಲದ್ದು ಒಂದೇ: ಪರೀಕ್ಷೆ ಬರೆಯುವವಳು ಎಲ್ಲಿ ಓದಬೇಕು? ಇದ್ದ ಒಂದು ಕೋಣೆಯನ್ನು ಬೀಗರಿಗೆ ಬಿಡುವುದೆಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಎರಡು ದಿನ ಅಲ್ಲವೇ, ಅಡ್ಜಸ್ಟ್ ಮಾಡಿಕೊಳ್ಳುತ್ತಾಳೆ.

ಅವಳ ವೇಳಾಪಟ್ಟಿಯನ್ನು ಗೋಡೆಯಿಂದ ತೆಗೆದು ಅಪ್ಪನ ಮುಂದಿಟ್ಟೆ. ಜಾತ್ರೆಯ ಆಚೆ ಒಂದು, ಈಚೆ ಒಂದು ಪತ್ರಿಕೆ ಇತ್ತು. ಅಪ್ಪ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ‘ನನಗ್ಯಾಕ ಹೇಳ್ಲಿಲ್ಲವ್ವಾ?’ ಎಂದು ಅವಳನ್ನೇ ಕೇಳಿದರು. ‘ಗೋಡಿ ಮ್ಯಾಲೆ ಇತ್ತಲ್ಲಪ್ಪಾ’ ಅಂದಳು.

ಕೋಣೆ ಅವಳಿಗೇ ಉಳಿಯಿತು. ಬೀಗರಿಗೆ ನಡುಮನೆ, ಹೆಂಗಸರು, ಮಕ್ಕಳಿಗೆ ಪಡಸಾಲೆ, ಗಂಡಸರಿಗೆ ಮಾಳಿಗೆ. ಮಾರ್ಚ್ ರಾತ್ರಿ ಮಾಳಿಗೆಯ ಮೇಲೆ ಬೀಸುವ ಗಾಳಿಗೆ ಯಾವ ಫ್ಯಾನೂ ಸಮವಲ್ಲ ಎಂದು ಮಾವನೇ ಮೊದಲು ಗಾದಿ ಹೊತ್ತು ಮೇಲೆ ಹೋದರು. ಬೆಳಿಗ್ಗೆ ಅವಳನ್ನು ಪರೀಕ್ಷಾ ಕೇಂದ್ರಕ್ಕೆ ಬೈಕಿನಲ್ಲಿ ಬಿಡುವುದು ಭಾವನ ಕೆಲಸವಾಯಿತು. ಅವರಾಗಿಯೇ ಕೇಳಿದರು. ಜಾತ್ರೆಯ ಮೈಕಿನ ಸದ್ದಿಗೆ ಏನೂ ಮಾಡಲಾಗಲಿಲ್ಲ. ಅವಳು ಕಿವಿಗೆ ಹತ್ತಿ ಇಟ್ಟುಕೊಂಡಳು.

ತಳ ಹಿಡಿದ ಹುಗ್ಗಿ

ಎಲ್ಲವೂ ಚೆಂದವಾಗಿ ಆಯಿತು ಎಂದು ಬರೆದರೆ ಮನೆಯವರು ನಗುತ್ತಾರೆ. ತೇರಿನ ದಿನ ಗೋಧಿ ಹುಗ್ಗಿ ನನ್ನ ಜವಾಬ್ದಾರಿ. ರಾತ್ರಿ ನೆನೆಸಿದ ಕುಟ್ಟಿದ ಗೋಧಿ ಎರಡು ಕಿಲೋ. ಗೋಧಿ ಪೂರ್ತಿ ಬೆಂದ ಮೇಲೆ ಬೆಲ್ಲ ಹಾಕಬೇಕು, ಮೊದಲೇ ಹಾಕಿದರೆ ಕಾಳು ಬೇಯುವುದಿಲ್ಲ ಎಂದು ಅವ್ವ ಹೇಳಿದ್ದಳು. ಅದನ್ನು ಪಾಲಿಸಿದೆ. ಬೆಲ್ಲ ಹಾಕಿದ ಮೇಲೆ ಉರಿ ಸಣ್ಣ ಮಾಡಬೇಕೆಂದೂ ಹೇಳಿದ್ದಳು. ಅಷ್ಟರಲ್ಲಿ ದೊಡ್ಡವ್ವನ ಮೊಮ್ಮಗ ಡ್ರಮ್ಮಿನ ನೀರಿಗೆ ಚಪ್ಪಲಿ ಹಾಕಿದನೆಂದು ಓಡಿದೆ. ಬರುವಷ್ಟರಲ್ಲಿ ಸೀದ ವಾಸನೆ ಪಡಸಾಲೆ ದಾಟಿತ್ತು.

ಸೌಟು ಹಾಕಿ ಕಲಕಲು ಹೋದೆ. ‘ಕಲಕಬ್ಯಾಡಪಾ!’ ಎಂದು ಹಿಂದಿನಿಂದ ದನಿ ಬಂತು. ಬೀಗಿತ್ತಿ. ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದವರೇ ಪಾತ್ರೆ ಇಳಿಸಿ, ತಳ ಮುಟ್ಟದಂತೆ ಮೇಲಿನ ಹುಗ್ಗಿಯನ್ನಷ್ಟೇ ಬೇರೆ ಪಾತ್ರೆಗೆ ಸುರಿದು, ಏಲಕ್ಕಿ, ಕೊಬ್ಬರಿ, ಗಸಗಸೆ ಹಾಕಿ ಮುಚ್ಚಿದರು. ‘ಇಷ್ಟು ವಾಸನಿ ಏನೂ ಆಗಂಗಿಲ್ಲ, ತುಪ್ಪ ಮುಂದ ಮಾಡು’ ಅಂದರು. ಅವರನ್ನು ಕೆಲಸಕ್ಕೆ ಹಚ್ಚಿದೆವಲ್ಲ ಎಂದು ಅವ್ವ ನೊಂದುಕೊಂಡಳು. ಆದರೆ ಅದಕ್ಕೆ ಮೊದಲು ನಡುಮನೆಯಲ್ಲಿ ಬಿಗಿಯಾಗಿ ಕೂತಿದ್ದ ಬೀಗಿತ್ತಿ, ಆಮೇಲೆ ಅಡುಗೆಮನೆಯಲ್ಲೇ ಅವ್ವನ ಪಕ್ಕ ಕೂತು ಮಾತಾಡಿದರು. ತಮ್ಮ ಕೈ ಹೋದ ವರ್ಷ ಊದಿಕೊಂಡಿದ್ದು, ಆಗ ಅಕ್ಕ ನೋಡಿಕೊಂಡಿದ್ದು ಎಲ್ಲ ಹೇಳಿದರು. ಅವ್ವನಿಗೆ ಅದು ಗೊತ್ತೇ ಇರಲಿಲ್ಲ.

ಆದೋನಿ ಮಾವ ಬಾಗಿಲಲ್ಲಿ ನಿಂತು, ‘ಏಂ ಅಲ್ಲುಡೂ, ವಂಟ ಚೇಸ್ತಾವಾ?’ ಎಂದು ದೊಡ್ಡದಾಗಿ ನಕ್ಕರು. ‘ಅಡುಗಿ ಮಾಡೋ ಗಂಡುಮಗ’ ಎಂಬ ಮಾತು ಓಣಿಯಲ್ಲಿ ಎರಡು ದಿನ ಓಡಾಡಿತು. ಬಳ್ಳಾರಿ ಅತ್ತಿಯ ಗಂಡ ಚಹಾ ಕುಡಿಯುತ್ತಾ ಕೊನೆಗೂ ಕೇಳಿದರು, ‘ಮತ್ತೇನ್ ಮಾಡಾಕತ್ತೀಯಪ್ಪಾ ಈಗ?’ ನನ್ನ ಎರಡೂ ಕೈಯಲ್ಲಿ ತಟ್ಟೆಗಳಿದ್ದವು. ‘ಪಿಡಿಒ ಫಲಿತಾಂಶ ಬರ್ಬೇಕು ಮಾವ. ಸದ್ಯಕ್ಕ ಇದು’ ಅಂದೆ. ಆ ಉತ್ತರ ಕೊಡಲು ಅಷ್ಟು ಕಷ್ಟವಾಗಲಿಲ್ಲ. ಅವರು ಅರ್ಧ ತಟ್ಟೆ ತೆಗೆದುಕೊಂಡರು.

ನೆಂಟರು ಹೋದ ಮೇಲೆ

ನೆಂಟರು ಹೋದ ಸಂಜೆ ಗೋಡೆಯ ಸುಣ್ಣದ ಬಗ್ಗೆ ಯಾರಾದರೂ ಏನಾದರೂ ಅಂದರೇ ಎಂದು ನೆನಪು ಮಾಡಿಕೊಂಡೆ. ಒಬ್ಬರೂ ಅಂದಿರಲಿಲ್ಲ. ಮೂರು ದಿನದ ಕೆಲಸ ಅದು. ಕಕ್ಕಸಿನ ಬಲ್ಬಿನ ಬಗ್ಗೆ ಮಾತ್ರ ದೊಡ್ಡವ್ವನ ಸೊಸೆ ಹೋಗುವಾಗ ಅವ್ವನಿಗೆ, ‘ಈ ಸಲ ರಾತ್ರಿ ಅಂಜಿಕಿ ಆಗ್ಲಿಲ್ಲ ಸಣ್ಣತ್ತಿ’ ಅಂದಳಂತೆ. ಮನೆಗೆ ಬರುವವರಿಗೆ ಬೇಕಾದ್ದು ನೀರು, ಚಿಲಕ, ಬೆಳಕು, ಕಾಲು ಚಾಚಲು ಜಾಗ, ಬಿಸಿ ಊಟ. ಇವಿಷ್ಟನ್ನು ಮೊದಲು ಮಾಡಿ, ಸಮಯವಿದ್ದರೆ ಸುಣ್ಣ ಬಳಿಯುವುದು ಎಂದು ಪಟ್ಟಿಯ ಮೇಲೆ ಬರೆದುಕೊಂಡಿದ್ದೇನೆ.

ಏಪ್ರಿಲ್‌ನಲ್ಲಿ ಫಲಿತಾಂಶ ಬಂತು. ತಂಗಿ ಪ್ರಥಮ ದರ್ಜೆ. ಡಿಸ್ಟಿಂಕ್ಷನ್ ಸ್ವಲ್ಪದರಲ್ಲಿ ತಪ್ಪಿತು. ಜಾತ್ರೆ ಇಲ್ಲದಿದ್ದರೆ ಬರುತ್ತಿತ್ತೇ ಎಂದು ಕೇಳಿದೆ. ‘ಗೊತ್ತಿಲ್ಲಣ್ಣ. ರೊಟ್ಟಿ ಬಡೀತಿದ್ರ ಇದೂ ಬರ್ತಿರ್ಲಿಲ್ಲ’ ಅಂದಳು. ಮೆಣಸಿನಕಾಯಿಯನ್ನು ಅಪ್ಪ ಕೊನೆಗೆ ಅಂದುಕೊಂಡದ್ದಕ್ಕಿಂತ ಕಡಿಮೆಗೇ ಮಾರಿದರು. ಆ 30,000 ಸಾಲ ತಲೆಯ ಮೇಲಿಲ್ಲ ಎಂಬುದಷ್ಟೇ ಸಮಾಧಾನ. ಅವ್ವನ ಪಟ್ಟಿ ಬಿಚ್ಚಿ ಎಷ್ಟೋ ತಿಂಗಳಾಯಿತು. ಈಗ ಕೊಡ ಎತ್ತಬಲ್ಲಳು, ಆದರೆ ಬೆಳಿಗ್ಗೆ ಪೈಪ್ ಜೋಡಿಸುವುದು ನನ್ನ ಕೆಲಸವಾಗಿಯೇ ಉಳಿದಿದೆ.

ನಿಮ್ಮ ಮನೆಗೂ ಹಬ್ಬಕ್ಕೋ ಜಾತ್ರೆಗೋ ನೆಂಟರು ಬರುವವರಿದ್ದರೆ, ಒಂದು ಸಂಜೆ ನೋಟ್‌ಬುಕ್ ಹಿಡಿದು ಅಮ್ಮನ ಮುಂದೆ ಕೂತು ನೋಡಿ. ಹತ್ತು ನಿಮಿಷ ಅಂದುಕೊಂಡು ಕೂರಬೇಡಿ.

ನಮ್ಮ 64 ಸಾಲಿನ ಪಟ್ಟಿಯನ್ನು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದ್ದೇವೆ. ಒಂದೊಂದು ಸಾಲಿನ ಮುಂದೆ ಈಗ ಒಂದೊಂದು ಹೆಸರಿದೆ, ಅಪ್ಪನದು ಏಳು ಕಡೆ. ಮೊನ್ನೆ ನೋಡಿದರೆ ಕೆಳಗೆ 65ನೇ ಸಾಲೊಂದು ಸೇರಿತ್ತು, ತಂಗಿಯ ಅಕ್ಷರದಲ್ಲಿ: ‘ಅಣ್ಣ ಹುಗ್ಗಿ ಮಾಡುವಾಗ ಪಕ್ಕದಲ್ಲಿ ಯಾರಾದರೂ ನಿಂತಿರುವುದು.’